ಪಡಿ ಮತ್ತು ಪಾಲು

೨೦೨೩ರ ಜೂನ್ ತಿಂಗಳಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾದಾಗ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಒಂದು ವಾದ ಹುಟ್ಟಿತು. ಅದು ಈಗಲೂ ಮುಗಿದಿಲ್ಲ. ಅರ್ಥಶಾಸ್ತ್ರ ಕಲಿಸುವ ನನ್ನ ಮಿತ್ರರು, “ಇದೇ ಸಮಾಜವಾದ, ೧೯೭೬ರಲ್ಲಿ ಸಂವಿಧಾನದ ಪೀಠಿಕೆಯಲ್ಲಿ ಬರೆದಿಟ್ಟದ್ದು ಈಗ ರಸ್ತೆಯ ಮೇಲೆ ಓಡುತ್ತಿದೆ” ಎಂದರು. ಗಣಿತದ ಹಿರಿಯರು, “ಸಮಾಜವಾದವೂ ಅಲ್ಲ, ಮಣ್ಣೂ ಅಲ್ಲ, ಇದು ದಾನ. ಅದೂ ನಮ್ಮ ತೆರಿಗೆಯ ದುಡ್ಡಿನಲ್ಲಿ ಮಾಡಿದ ದಾನ” ಎಂದು ಚಹದ ಬಟ್ಟಲನ್ನು ಕುಕ್ಕಿದರು. ಕನ್ನಡದವನಾದ ನನ್ನನ್ನು ಯಾರೂ ಕೇಳಲಿಲ್ಲ. ಇಂಥ ವಿಷಯಗಳಲ್ಲಿ ಕನ್ನಡದವರನ್ನು ಕೇಳುವ ಪದ್ಧತಿ ಇಲ್ಲ. ಆದರೆ ಇಬ್ಬರೂ ಎಡವುತ್ತಿದ್ದದ್ದು ಶಬ್ದಾರ್ಥದಲ್ಲಿ ಎಂದು ನನಗೆ ತೋರಿತು. ಶಬ್ದಾರ್ಥವಾದರೋ ನನ್ನ ಕಸುಬು.

ನಮ್ಮಲ್ಲಿ ‘ಪಡಿ’ ಎಂಬ ಮಾತೊಂದಿದೆ, ‘ಪಾಲು’ ಎಂಬ ಮಾತೊಂದಿದೆ. ದೇವಸ್ಥಾನದ ಪರಿಚಾರಕನಿಗೆ, ಮಠದ ಆಳಿಗೆ, ದೊಡ್ಡ ಮನೆಯ ಆಶ್ರಿತನಿಗೆ ದಿನದಿನವೂ ಅಳೆದು ಕೊಡುವ ಅಕ್ಕಿಬೇಳೆ ಪಡಿ. ನ್ಯಾಯಬೆಲೆ ಅಂಗಡಿಯ ಪಡಿತರ ಚೀಟಿಯಲ್ಲಿ ಆ ಶಬ್ದ ಇಂದಿಗೂ ಬದುಕಿದೆ. ಪಾಲು ಅಣ್ಣತಮ್ಮಂದಿರದು. ಪಡಿಯವನು ಒಮ್ಮೊಮ್ಮೆ ಪಾಲುಗಾರನಿಗಿಂತ ಚೆನ್ನಾಗಿಯೇ ಉಂಡಾನು. ಪಾಲಿಗೆ ಬಂದದ್ದು ಕಲ್ಲುಭೂಮಿಯಾದರೆ ಪಾಲುಗಾರನು ಉಪವಾಸವೂ ಬಿದ್ದಾನು. ಆದರೆ ಹೊಲ ಮಾರುವ ಮಾತು ಬಂದ ದಿನ ಪಡಸಾಲೆಯಲ್ಲಿ ಕುಳಿತು ‘ಬೇಡ’ ಎನ್ನುವ ಅಧಿಕಾರ ಪಾಲುಗಾರನಿಗುಂಟು. ಪಡಿಯವನು ಹಿತ್ತಿಲಲ್ಲಿ ನಿಂತು ಕೇಳಿಸಿಕೊಳ್ಳಬೇಕು. ಕಾರಖಾನೆ, ಗಣಿ, ಬ್ಯಾಂಕುಗಳನ್ನು ಧನಿಕರ ಕೈಯಲ್ಲಿಯೇ ಬಿಟ್ಟು, ತೆರಿಗೆಯಿಂದಲೂ ವಿಮೆಯಿಂದಲೂ ಎಲ್ಲರಿಗೆ ಪಡಿ ಅಳೆಯುವ ವ್ಯವಸ್ಥೆ ಕಲ್ಯಾಣರಾಜ್ಯ. (ಹಿಂದಿನವರು ಇದನ್ನು ‘ಸುಖೀರಾಜ್ಯ’ ಎಂದೂ ಕರೆಯುತ್ತಿದ್ದರು, ಅದೇ ಚೆನ್ನಾಗಿತ್ತು. ‘ಕಲ್ಯಾಣ’ವೆಂದೊಡನೆ ಕನ್ನಡಿಗನಿಗೆ ಬಸವಣ್ಣನವರ ಊರು ನೆನಪಾಗಿ ಲೆಕ್ಕ ತಪ್ಪುತ್ತದೆ.) ಸಮಾಜವಾದ ಕೇಳುವುದು ಪಾಲನ್ನು. ವ್ಯಾಖ್ಯೆ ಇಷ್ಟೆ. ವ್ಯಾಖ್ಯೆಯಿಂದ ಹೆಚ್ಚೇನೂ ತಿಳಿಯುವುದಿಲ್ಲವೆಂಬುದು ಇಪ್ಪತ್ತು ವರ್ಷ ಪಾಠ ಹೇಳಿದ ಮೇಲೆ ನಾನು ಕಲಿತ ಪಾಠ. ಪಡಿ ತಿನ್ನುವವನ ಮುಖ ಆ ಹೊತ್ತಿನಲ್ಲಿ ಹೇಗಿರುತ್ತದೆ? ಇದನ್ನು ಅಂಕಿಸಂಖ್ಯೆಗಳು ಹೇಳಲಾರವು, ಸಾಹಿತಿ ಹೇಳಬಲ್ಲ. ಆ ರಾತ್ರಿ ಕಪಾಟಿನಿಂದ ಬರ್ನಾರ್ಡ್ ಷಾನ ‘ಮೇಜರ್ ಬಾರ್ಬರಾ’ ನಾಟಕವನ್ನು ಹೊರಗೆ ತೆಗೆದೆ.

ಈ ನಾಟಕ ಲಂಡನ್ನಿನ ರಂಗಭೂಮಿಯ ಮೇಲೆ ಬಂದದ್ದು ೧೯೦೫ರಲ್ಲಿ. ಕಲ್ಯಾಣರಾಜ್ಯವೆಂಬ ಮಾತು ಇಂಗ್ಲೆಂಡಿನಲ್ಲಿ ಬಳಕೆಗೆ ಬರಲು ಇನ್ನೂ ಮೂರು ನಾಲ್ಕು ದಶಕಗಳಿದ್ದವು. ಎರಡನೆಯ ಅಂಕ ನಡೆಯುವುದು ಬಡವರ ಬೀದಿಯಲ್ಲಿರುವ ಮುಕ್ತಿಸೇನೆಯ ಆಶ್ರಯದಲ್ಲಿ. ಚಳಿಯ ಬೆಳಗು. ಹಸಿದವರಿಗೆ ರೊಟ್ಟಿ, ಬೆಲ್ಲದ ಪಾಕ, ನೀರು ಬೆರೆತ ಹಾಲು. ಇದನ್ನು ಪಡೆಯುವುದಕ್ಕಾಗಿ ಸ್ನಾಬಿ ಪ್ರೈಸ್ ಎಂಬವನು ಮಾಡದ ಪಾಪಗಳನ್ನೆಲ್ಲ ಮಾಡಿದೆನೆಂದು ಒಪ್ಪಿಕೊಳ್ಳುತ್ತಾನೆ. ರಮ್ಮಿ ಎಂಬ ಮುದುಕಿ ಸಭ್ಯಳಾಗಿದ್ದರೂ ಕೆಟ್ಟವಳೆಂದು ಹೇಳಿಕೊಳ್ಳಬೇಕಾಗುತ್ತದೆ. ಪಶ್ಚಾತ್ತಾಪವೇ ಅಲ್ಲಿ ಚಲಾವಣೆಯ ನಾಣ್ಯ. ಇವರ ನಡುವೆ ಪೀಟರ್ ಶರ್ಲಿ ಎಂಬೊಬ್ಬ ಕೆಲಸಗಾರ ಬರುತ್ತಾನೆ. ವಯಸ್ಸು ೪೬; ನನಗೂ ಈಗ ಅಷ್ಟೇ ಆದ್ದರಿಂದ ಆತನ ಮೇಲೆ ನನಗೆ ವಿಶೇಷ ಮಮತೆ. ತಲೆಗೂದಲಿನಲ್ಲೊಂದು ಬಿಳಿಯ ಮಚ್ಚೆಯಿದ್ದುದರಿಂದ ಮುದುಕನಾದೆಯೆಂದು ಕೆಲಸದಿಂದ ತೆಗೆದಿದ್ದಾರೆ. ಹೊಟ್ಟೆ ಬೆನ್ನಿಗಂಟಿದ್ದರೂ ಆ ರೊಟ್ಟಿ ಅವನಿಗೆ ಗಂಟಲಲ್ಲಿ ಇಳಿಯಲೊಲ್ಲದು. ತಾನು ಇದುವರೆಗೆ ಒಬ್ಬರ ಹತ್ತಿರ ಕೈಯೊಡ್ಡಿದವನಲ್ಲವೆಂಬುದು ಅವನ ಏಕಮಾತ್ರ ಆಸ್ತಿ. ಆ ಒಂದು ತುಣುಕಿನೊಂದಿಗೆ ಅದೂ ಹೋಗುತ್ತದೆ.

ಇದು ಹಳೆಯ ಬಗೆಯ ದಾನ; ಇದನ್ನು ಗೇಲಿ ಮಾಡುವುದು ಸುಲಭ, ಷಾ ಮಾಡಿದ್ದಾನೆ. ಅವನ ಪ್ರತಿಭೆ ಕಾಣುವುದು ಮೂರನೆಯ ಅಂಕದಲ್ಲಿ. ಬಾರ್ಬರಾಳ ತಂದೆ ಅಂಡರ್‌ಶಾಫ್ಟ್ ತೋಪು ಮದ್ದುಗುಂಡುಗಳನ್ನು ಮಾಡಿ ಮಾರುವ ಕೋಟ್ಯಧೀಶ. ಅವನ ಕಾರಖಾನೆಯೆಂದರೆ ಹೊಗೆ, ಕೊಚ್ಚೆ, ಒಣಗಿದ ಮುಖಗಳ ನರಕವಿರಬೇಕೆಂದು ಮಗಳೂ ಅಳಿಯನಾಗುವವನೂ ನಿರೀಕ್ಷಿಸಿ ಹೋಗುತ್ತಾರೆ. ನೋಡಿದರೆ ಬೆಟ್ಟದ ಮಡಿಲಲ್ಲಿ ಬೆಳ್ಳಗೆ ಹೊಳೆಯುವ ಚೊಕ್ಕಟವಾದ ಊರು! ಶುಶ್ರೂಷಾಲಯವಿದೆ, ವಾಚನಾಲಯಗಳಿವೆ, ಶಾಲೆಗಳಿವೆ, ನಿವೃತ್ತಿನಿಧಿ, ವಿಮಾನಿಧಿ, ಮನೆ ಕಟ್ಟಿಸಿಕೊಡುವ ಸಂಘ, ಸಹಕಾರದ ಬಗೆಬಗೆಯ ಏರ್ಪಾಡುಗಳಿವೆ. ೧೯೪೨ರ ಬೆವರಿಜ್ ವರದಿಯನ್ನು ಓದಿದವರು ಆ ಪಟ್ಟಿಯನ್ನು ನೋಡಿ ಬೆರಗಾಗಬೇಕು. ಇಂಗ್ಲೆಂಡು ಆ ಯುದ್ಧದ ನಡುವೆ ಕಂಡ ಕನಸು, ಮೂವತ್ತೇಳು ವರ್ಷ ಮೊದಲೇ ಮದ್ದುಗುಂಡಿನ ವ್ಯಾಪಾರಿಯೊಬ್ಬನ ಖಾಸಗಿ ಊರಿನಲ್ಲಿ ನನಸಾಗಿ ನಿಂತಿದೆ. ಆ ಊರಿನಲ್ಲಿ ಕೆಲಸಗಾರರಿಗಾಗಿ ಒಂದು ಪ್ರಾರ್ಥನಾ ಮಂದಿರವೂ ಉಂಟು. ಅದರ ಗುಮ್ಮಟದ ಸುತ್ತ, ಮನುಷ್ಯನಿಗೆ ಮನುಷ್ಯ ಯಜಮಾನನಾಗುವುದು ಸಲ್ಲದೆಂಬ ಅರ್ಥದ ಬರಹವನ್ನು ದಪ್ಪಕ್ಷರಗಳಲ್ಲಿ ಬರೆಸಿದ್ದಾನೆ, ಯಜಮಾನನೇ! ಮೊದಮೊದಲು ಕೆಲಸಗಾರರು ಗಾಬರಿಯಾದರಂತೆ, ಈಗ ಯಾರೂ ಅದರತ್ತ ಕಣ್ಣೆತ್ತಿ ನೋಡುವುದಿಲ್ಲವಂತೆ. ನಮ್ಮ ಸಂವಿಧಾನದ ಪೀಠಿಕೆಯ ವಿಷಯ ತೆಗೆದ ಅರ್ಥಶಾಸ್ತ್ರದ ಮಿತ್ರರಿಗೆ ಈ ಪುಟವನ್ನು ತೋರಿಸಿದೆ. ನಕ್ಕರು.

ಆಳುವ ಕಷ್ಟವೂ ಅಂಡರ್‌ಶಾಫ್ಟನಿಗಿಲ್ಲ. ಪ್ರತಿಯೊಬ್ಬನೂ ತನಗಿಂತ ಒಂದು ಮೆಟ್ಟಲು ಕೆಳಗಿರುವವನನ್ನು ಅವನ ಜಾಗದಲ್ಲಿ ಇಟ್ಟಿರುತ್ತಾನೆ. ಲಾಭ ಮಾತ್ರ ಮೇಲಿನವರೆಗೂ ಹರಿದು ಬರುತ್ತದೆ. ಆ ಊರಿನಲ್ಲಿ ಮುಂದೆ ಯಜಮಾನನಾಗುವವನು ಯಾರು ಎಂಬುದೇ ಕಡೆಯ ಅಂಕದ ಕಥಾವಸ್ತು. ಅಪ್ಪ, ಅಮ್ಮ, ಮಗ, ಮಗಳು, ಭಾವೀ ಅಳಿಯ ಎಲ್ಲರೂ ಅದನ್ನು ಕುರಿತು ಅಮೋಘವಾಗಿ ಮಾತಾಡುತ್ತಾರೆ. ಅಳಿಯನು ಸಂಬಳಕ್ಕಾಗಿ ಚೌಕಾಸಿ ಮಾಡುತ್ತಾನೆ. ಆ ಊರಿನ ಕೆಲಸಗಾರರಲ್ಲಿ ಒಬ್ಬನನ್ನಾದರೂ ಕೇಳೋಣವೆಂದು ಯಾರಿಗೂ ಹೊಳೆಯುವುದಿಲ್ಲ. ಪೀಟರ್ ಶರ್ಲಿ ಏನಾದನೆನ್ನುತ್ತೀರಿ? ಅವನಿಗೆ ಅಲ್ಲಿ ಬಾಗಿಲು ಕಾಯುವ, ವೇಳೆ ಬರೆದಿಡುವ ಕೆಲಸ ಸಿಕ್ಕಿದೆ. ಇರಲು ಅಂದವಾದ ಮನೆ ಸಿಕ್ಕಿದೆ. ಮನೆ ಎಷ್ಟು ಭರ್ಜರಿಯಾಗಿದೆಯೆಂದರೆ ಕೋಣೆಗಳಲ್ಲಿ ಕಾಲಿಡಲು ನಾಚಿ ಅವನು ಪಾತ್ರೆ ತೊಳೆಯುವ ಮೂಲೆಯಲ್ಲಿ ಅಡಗಿ ಕೂರುತ್ತಾನೆ. ಇದನ್ನು ಬಾರ್ಬರಾ ಒಂದೆರಡು ವಾಕ್ಯಗಳಲ್ಲಿ ಹೇಳಿ ಮುಗಿಸುತ್ತಾಳೆ, ಸಭಾಸದರು ನಗುತ್ತಾರೆ, ನಾಟಕ ಮುಂದಕ್ಕೆ ಹೋಗುತ್ತದೆ. ನಾನು ಮಾತ್ರ ಮೊದಲ ಸಲ ಓದಿದಾಗ ಮುಂದಕ್ಕೆ ಹೋಗಲಾರದೆ ಪುಸ್ತಕ ಮುಚ್ಚಿದ್ದೆ.

ಕಾರಣ ಸ್ವಂತದ್ದು; ಓದುಗರು ಕ್ಷಮಿಸಬೇಕು. ನಾನು ಬೆಳೆದದ್ದು ಅಂಥದೇ ಒಂದು ಊರಿನಲ್ಲಿ. ನಮ್ಮ ತಂದೆ ನೂಲಿನ ಗಿರಣಿಯೊಂದರಲ್ಲಿ ಜಾಬರರ ಕೈಕೆಳಗೆ ದುಡಿಯುತ್ತಿದ್ದರು. ಗಿರಣಿಯ ಚಾಳಿನಲ್ಲಿ ಮನೆ, ಗಿರಣಿಯ ಸಾಲೆಯಲ್ಲಿ ಓದು, ಗಿರಣಿಯ ದವಾಖಾನೆಯಲ್ಲಿ ಔಷಧ. ನನ್ನ ತಂಗಿ ಹುಟ್ಟಿದ್ದು ಆ ದವಾಖಾನೆಯಲ್ಲಿ. ಹೆರಿಗೆ ಕಷ್ಟವಾಗಿತ್ತು, ಅಲ್ಲಿಯ ಡಾಕ್ಟರರು ಇರದಿದ್ದರೆ ತಾಯಿ ಮಗು ಇಬ್ಬರೂ ಉಳಿಯುತ್ತಿರಲಿಲ್ಲವೆಂದು ಅವ್ವ ಇಂದಿಗೂ ಮಾಲಕರ ಹೆಸರು ಹೇಳಿ ಕೈಮುಗಿಯುತ್ತಾಳೆ. ಅದನ್ನು ನಾನು ಹಗುರಾಗಿ ಕಾಣಲಾರೆ. ನಾನು ಹೈಸ್ಕೂಲಿನಲ್ಲಿದ್ದಾಗ ಗಿರಣಿ ಮುಚ್ಚಿತು. ಒಂದು ಬೆಳಿಗ್ಗೆ ಭೋಂಗಾ ಕೂಗಲಿಲ್ಲ, ಅಷ್ಟೆ. ದೂರದ ಯಾವುದೋ ಊರಿನಲ್ಲಿ ಯಾರೋ ನಾಲ್ಕು ಜನ ಕುಳಿತು ನಿರ್ಧರಿಸಿದ್ದರು. ಮೂರು ತಿಂಗಳಿಗೆ ದವಾಖಾನೆ ಹೋಯಿತು, ವರ್ಷದೊಳಗೆ ಸಾಲೆ ಹೋಯಿತು, ಆ ಮೇಲೆ ಮನೆ. ತಂದೆ ಮನೆಯನ್ನು ಗುಡಿಸಿ ಸಾರಿಸಿ, ಟೈಂಕೀಪರರ ಕಿಟಕಿಯಲ್ಲಿ ಚಾವಿ ಕೊಟ್ಟು ರಶೀದಿ ಬರೆಸಿಕೊಂಡು ಬಂದರು. ಆ ರಶೀದಿಯನ್ನು ಏಕೆ ಜೋಪಾನ ಮಾಡಿದರೋ ತಿಳಿಯದು. ಅವರು ಹೋದ ಮೇಲೆ ಟ್ರಂಕಿನಲ್ಲಿ ಸಿಕ್ಕಿತು. ಪಡಿ ನಿಂತದ್ದಕ್ಕಿಂತ, ನಿಲ್ಲಿಸುವಾಗ ನಮ್ಮನ್ನು ಯಾರೂ ಕೇಳಲಿಲ್ಲವಲ್ಲ ಎಂಬುದೇ ಅವರನ್ನು ಕೊರೆಯಿತು.

ಷಾನ ಕಾಲದ ಇಂಗ್ಲೆಂಡಿಗೆ ಹಿಂದಿರುಗೋಣ. ಮೇಜರ್ ಬಾರ್ಬರಾ ಆಡಿದ ಆಸುಪಾಸಿನ ವರ್ಷಗಳಲ್ಲಿಯೇ ಹೇಸ್ಟಿಂಗ್ಸ್ ಎಂಬ ಕಡಲತೀರದ ಪಟ್ಟಣದಲ್ಲಿ ಮನೆಗಳಿಗೆ ಬಣ್ಣ ಬಳಿಯುವ ಕೆಲಸಗಾರನೊಬ್ಬ ರಾತ್ರಿಯ ಹೊತ್ತು ಕಾದಂಬರಿಯೊಂದನ್ನು ಬರೆಯುತ್ತಿದ್ದ. ಹೆಸರು ರಾಬರ್ಟ್ ನೂನನ್, ಡಬ್ಲಿನ್ನಿನಲ್ಲಿ ಹುಟ್ಟಿದವನು. ಬಣ್ಣ ಬಳಿಯುವವರು ಹಲಗೆ ಹಾಸಿ ನಿಲ್ಲುವ ಮರದ ಕುದುರೆಯ ಇಂಗ್ಲಿಷ್ ಹೆಸರನ್ನೇ ಸ್ವಲ್ಪ ತಿರುಚಿ ಟ್ರೆಸೆಲ್ ಎಂಬ ಕಾವ್ಯನಾಮ ಇಟ್ಟುಕೊಂಡ. ಕೈಬರಹದ ಸುಮಾರು ೧,೬೦೦ ಪುಟ. ಪ್ರಕಾಶಕರು ಒಲ್ಲೆನೆಂದರು. ಕೆನಡಾಕ್ಕೆ ಹೋಗುವೆನೆಂದು ಹೊರಟವನು ಲಿವರ್‌ಪೂಲಿನ ಆಸ್ಪತ್ರೆಯಲ್ಲಿ ೧೯೧೧ರ ಫೆಬ್ರುವರಿಯಲ್ಲಿ ಕ್ಷಯದಿಂದ ಸತ್ತ. ದಿಕ್ಕಿಲ್ಲದವರನ್ನು ಒಟ್ಟಿಗೆ ಹೂಳುವ ಗುಳಿಯಲ್ಲಿ ಅವನನ್ನು ಹೂಳಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ರಾಷ್ಟ್ರೀಯ ವಿಮಾ ಕಾಯದೆಯನ್ನು ಮಾಡಿತು: ವಾರಕ್ಕೆ ಕೆಲಸಗಾರನ ೪ ಪೆನ್ನಿ, ಧಣಿಯ ೩, ಸರಕಾರದ ೨, ಕ್ಷಯರೋಗಿಗಳಿಗೆ ಆರೋಗ್ಯಧಾಮದ ಸೌಕರ್ಯ. ಕಲ್ಯಾಣರಾಜ್ಯ ಹತ್ತು ತಿಂಗಳು ತಡವಾಗಿ ಬಂತು.

‘ಹರಕು ಷರಾಯಿಯ ಪರೋಪಕಾರಿಗಳು’ ಎನ್ನಬಹುದಾದ ಹೆಸರಿನ ಆ ಕಾದಂಬರಿ ೧೯೧೪ರಲ್ಲಿ ಜೆಸ್ಸಿ ಪೋಪ್ ಎಂಬ ಬರಹಗಾರ್ತಿಯ ಕತ್ತರಿಗೆ ಸಿಕ್ಕಿ ಅಂಗಹೀನವಾಗಿ ಹೊರಬಂತು. ಇಡಿಯಾಗಿ ಅಚ್ಚಾದದ್ದು ೧೯೫೫ರಲ್ಲಿ. ಪರೋಪಕಾರಿಗಳು ಯಾರೆಂದರೆ ಕೆಲಸಗಾರರೇ. ತಮ್ಮ ದುಡಿಮೆಯ ಬಹುಭಾಗವನ್ನು ಧಣಿಗಳಿಗೆ ಧರ್ಮಾರ್ಥ ಬಿಟ್ಟುಕೊಡುವ ಉದಾರಿಗಳಲ್ಲವೆ ಅವರು! ಇದರಲ್ಲಿ ಊಟದ ಬಿಡುವಿನ ಒಂದು ಪ್ರಸಂಗವಿದೆ. ಸಮಾಜವಾದವನ್ನು ಕುರಿತು ನಾನು ಓದಿದ ಯಾವ ಗ್ರಂಥವೂ ಅದಕ್ಕೆ ಸಮವಲ್ಲ. ಕಥಾನಾಯಕ ಓವೆನ್ ಜೊತೆಗಾರರ ಬುತ್ತಿಯಲ್ಲಿ ಉಳಿದ ರೊಟ್ಟಿಯ ಹೋಳುಗಳನ್ನು ಮುಂದಿಟ್ಟುಕೊಂಡು, ಇವು ಭೂಮಿಯಲ್ಲಿ ದೊರೆಯುವ ಕಚ್ಚಾ ಪದಾರ್ಥಗಳು, ಒಡೆಯ ನಾನು, ಎನ್ನುತ್ತಾನೆ. ಮೂರು ಚಾಕುಗಳನ್ನು ಯಂತ್ರಗಳೆಂದೂ ಮೂರು ಚಿಲ್ಲರೆ ಕಾಸುಗಳನ್ನು ಮೂರು ಪೌಂಡುಗಳೆಂದೂ ಕಲ್ಪಿಸುತ್ತಾನೆ. ಮೂವರು ಗೆಳೆಯರು ರೊಟ್ಟಿಯನ್ನು ಹೆಚ್ಚಿ ತಲಾ ಮೂರು ತುಂಡು ಮಾಡಿದರೆ ವಾರದ ಕೂಲಿ ಒಂದು ಪೌಂಡು. ಸರಿ, ಬದುಕಲು ತುಂಡು ಬೇಕಲ್ಲ? ಒಂದು ತುಂಡಿನ ಬೆಲೆಯೂ ಒಂದು ಪೌಂಡು! ಮೂವರೂ ಕೊಂಡು ತಿಂದು ಮುಗಿಸುವಷ್ಟರಲ್ಲಿ ಕಾಸುಗಳೆಲ್ಲ ಓವೆನ್ನನ ಮುಂದೆ ಹಿಂದಿರುಗಿವೆ, ಮಿಕ್ಕ ತುಂಡುಗಳೂ ಅಲ್ಲೇ ಇವೆ. ಹೀಗೆ ಹಲವು ಸುತ್ತು ಆದ ಮೇಲೆ, ಸರಕು ಜಾಸ್ತಿಯಾಯಿತೆಂದು ಚಾಕುಗಳನ್ನು ಎತ್ತಿಟ್ಟು ಅವರನ್ನು ಮನೆಗೆ ಕಳಿಸುತ್ತಾನೆ.

ಇಲ್ಲಿ ನಾನೊಂದು ಸುತ್ತನ್ನು ಸೇರಿಸಿ ನೋಡುತ್ತೇನೆ. ಓವೆನ್ನನ ಪಕ್ಕದಲ್ಲಿ ಒಬ್ಬ ದಯಾಳುವಾದ ಪಾರುಪತ್ಯಗಾರನನ್ನು ಕೂರಿಸೋಣ. ಪ್ರತಿ ಸುತ್ತಿನಲ್ಲಿ ಒಡೆಯನ ರಾಶಿಯಿಂದ ಎರಡು ತುಂಡನ್ನೂ ಕೆಲಸಗಾರರಿಂದ ಒಂದೊಂದು ಚೂರನ್ನೂ ತೆಗೆದು ಅವನು ಡಬ್ಬಿಯಲ್ಲಿ ಹಾಕುತ್ತಾನೆ. ಚಾಕುಗಳನ್ನು ಎತ್ತಿಟ್ಟ ದಿನ ಡಬ್ಬಿ ತೆರೆದು ಮೂವರಿಗೂ ಹಂಚುತ್ತಾನೆ. ಯಾರಾದರೂ ಮಲಗಿದರೆ ಅವನಿಗೆ ಮೊದಲು. ಇದು ಕಲ್ಯಾಣರಾಜ್ಯ. ಆಟ ಅದೇ, ಆದರೆ ಆಡುವವರು ಸಾಯುವುದಿಲ್ಲ. ಇದು ಸಣ್ಣ ಮಾತೆಂದು ಹೇಳುವ ಸಮಾಜವಾದಿಗೆ ಹಸಿವು ಗೊತ್ತಿಲ್ಲ. ಓವೆನ್ನನು ಮಾತ್ರ ಡಬ್ಬಿಯನ್ನು ನೋಡದೆ, ಚಾಕು ಯಾರದು ಎಂದು ಕೇಳುತ್ತಲೇ ಇರುತ್ತಾನೆ. ಜರ್ಮನಿಯ ಬಿಸ್ಮಾರ್ಕನಿಗೆ ಈ ಎರಡು ಪ್ರಶ್ನೆಗಳ ಅಂತರ ಚೆನ್ನಾಗಿ ಗೊತ್ತಿತ್ತು. ೧೮೭೮ರಲ್ಲಿ ಸಮಾಜವಾದಿಗಳ ಸಂಘಗಳನ್ನೂ ಪತ್ರಿಕೆಗಳನ್ನೂ ನಿಷೇಧಿಸಿದವನು ಅವನೇ. ೧೮೮೩ರಲ್ಲಿ ಕೆಲಸಗಾರರಿಗೆ ಕಾಯಿಲೆಯ ವಿಮೆಯನ್ನೂ ಮರುವರ್ಷ ಅಪಘಾತದ ವಿಮೆಯನ್ನೂ ೧೮೮೯ರಲ್ಲಿ ಮುಪ್ಪಿನ ವೇತನವನ್ನೂ ಕೊಟ್ಟವನೂ ಅವನೇ. ಡಬ್ಬಿ ತುಂಬಿದ್ದರೆ ಚಾಕುವಿನ ಪ್ರಶ್ನೆ ಏಳಲಾರದೆಂದು ಆತನ ಎಣಿಕೆ.

ಕಾದಂಬರಿಯಾಗಿ ಟ್ರೆಸೆಲನ ಕೃತಿಯಲ್ಲಿ ದೋಷಗಳು ಬಹಳ. ಉಪನ್ಯಾಸಗಳು ಉದ್ದ, ಧಣಿಗಳ ಹೆಸರುಗಳೇ ಅವರ ದುರ್ಗುಣ ಸಾರುವ ಬೊಂಬೆಗಳು. ಅದಕ್ಕಿಂತ ದೊಡ್ಡ ದೋಷವೆಂದರೆ ಓವೆನ್ನನಿಗೆ ತನ್ನ ಜೊತೆಗಾರರ ಮೇಲೆ ಇರುವ ತಿರಸ್ಕಾರ. ಅವರು ಮೂಢರು, ತಮ್ಮ ಸಂಕೋಲೆಯನ್ನು ತಾವೇ ಉಜ್ಜಿ ಹೊಳಪಿಡುವವರು ಎಂಬ ಭಾವ ಪುಟಪುಟದಲ್ಲೂ ಇಣುಕುತ್ತದೆ. ಅವರಿಗೆ ಪಾಲು ಕೊಡಿಸಬೇಕೆನ್ನುವವನು ಅವರ ಮಾತನ್ನು ಕೇಳುವ ವ್ಯವಧಾನವಿಲ್ಲದವನು. ಪುಸ್ತಕ ಮುಚ್ಚಿದ ಮೇಲೆ ಕಣ್ಣಮುಂದೆ ಉಳಿಯುವವನು ಓವೆನ್ನನಲ್ಲ, ಫಿಲ್‌ಪಾಟ್ ಎಂಬ ತಮಾಷೆಯ ಮುದುಕ; ತುಂಡು ಕೂಡಿಸುವ ಆಟದಲ್ಲಿ ಒಬ್ಬ ಆಟಗಾರ. ಹೊಸ ಹಗ್ಗಕ್ಕೆ ದುಡ್ಡು ಬಿಚ್ಚಲು ಮೇಲಿನವರು ಒಲ್ಲದುದರಿಂದ ಸವೆದ ಹಗ್ಗ ಹರಿದು ಏಣಿ ಬಿದ್ದು ಅವನು ಸಾಯುತ್ತಾನೆ; ಹೆಣದ ಮಣ್ಣು ಮಾಡುವ ಗುತ್ತಿಗೆಗಾಗಿ ಇಬ್ಬರು ಕಚ್ಚಾಡುತ್ತಾರೆ. ಆ ಅಧ್ಯಾಯದಲ್ಲಿ ಉಪನ್ಯಾಸವಿಲ್ಲ. ಕೊನೆಯಲ್ಲಂತೂ ಒಂದು ವಿಚಿತ್ರವಿದೆ. ದಾನಧರ್ಮವನ್ನು ಉದ್ದಕ್ಕೂ ಲೇವಡಿ ಮಾಡಿದ ಕಾದಂಬರಿಯಲ್ಲಿ ಓವೆನ್ನನ ಸಂಸಾರಕ್ಕೆ ಉಸಿರು ಬರುವುದು, ಕೆಲಸಗಾರನ ವೇಷದಲ್ಲಿದ್ದ ಶ್ರೀಮಂತನ ಮಗನೊಬ್ಬ ಕಾಗದದೊಂದಿಗೆ ಇಟ್ಟುಹೋದ ನೋಟುಗಳಿಂದ!

ಷಾನಲ್ಲಿಯೂ ಇದೇ ಕೊರತೆ ಬೇರೆ ರೂಪದಲ್ಲಿದೆ. ಹೆಂಡತಿಯ ತಂಗಿ ಕೇಳಿದಳೆಂದು ಅವನು ಸಮಾಜವಾದವನ್ನೂ ಬಂಡವಾಳಶಾಹಿಯನ್ನೂ ಬುದ್ಧಿವಂತ ಮಹಿಳೆಗೆ ತಿಳಿಯಹೇಳುವ ದೊಡ್ಡ ಗ್ರಂಥವನ್ನು ೧೯೨೮ರಲ್ಲಿ ಪ್ರಕಟಿಸಿದ. ೧೯೩೭ರಲ್ಲಿ ಅದು ಅಗ್ಗದ ಬೆಲೆಯ ಪೆಲಿಕನ್ ಮಾಲೆಯ ಮೊದಲ ಪುಸ್ತಕವಾಯಿತು. ಗದ್ಯವೆಂದರೆ ಅಂಥ ಗದ್ಯ! ಅದರಲ್ಲಿ ಸಮಾಜವಾದವೆಂದರೆ ಎಲ್ಲರಿಗೂ ಸಮಾನವಾದ ವರಮಾನ. ನಿಲ್ಲಿ, ಇದು ಪಾಲೋ ಪಡಿಯೋ? ಎಲ್ಲರಿಗೂ ಒಂದೇ ಅಳತೆಯ ಪಡಿ. ಕೊಳಗ ಹಿಡಿಯುವವನು ಯಾರು, ಅವನನ್ನು ಬದಲಿಸುವುದು ಹೇಗೆ ಎಂಬ ವಿಚಾರ ಬುದ್ಧಿವಂತ ಷಾನನ್ನು ಅಷ್ಟಾಗಿ ಕಾಡಲಿಲ್ಲ. ಜಾಣರ ಕೈ ಹಿಡಿದರೆ ಸಾಕೆಂದು ಅವನ ನಂಬುಗೆ. ಹೀಗಾಗಿಯೇ ೧೯೩೧ರಲ್ಲಿ ಮಾಸ್ಕೋಗೆ ಹೋದವನು ಹಿಗ್ಗಿ ಬಂದ. ೧೯೩೩ರಲ್ಲಿ ಆ ದೇಶದ ಹಳ್ಳಿಗಳು ಬರದಿಂದ ನರಳುತ್ತಿದ್ದಾಗ, ಅಂಥ ಸುದ್ದಿಗಳೆಲ್ಲ ಸುಳ್ಳೆಂಬ ಪತ್ರಕ್ಕೆ ಸಹಿ ಹಾಕಿದ. ಅಂಡರ್‌ಶಾಫ್ಟನ ಊರಿಗೆ ಮರುಳಾದ ಕಣ್ಣೇ ಅದು.

ಅಲ್ಲಿ, ಆ ಸೋವಿಯೆತ್ ದೇಶದಲ್ಲಿ, ಚಾಕುಗಳೆಲ್ಲ ಜನರವೇ ಎಂದು ಬರೆದಿತ್ತು. ೧೯೬೨ರ ಜೂನಿನಲ್ಲಿ ನೊವೊಚೆರ್ಕಾಸ್ಕ್ ಎಂಬ ಊರಿನ ರೈಲು ಎಂಜಿನ್ನಿನ ಕಾರಖಾನೆಯಲ್ಲಿ ಕೂಲಿಯ ದರ ಇಳಿದು, ಅದೇ ಹೊತ್ತಿಗೆ ಮಾಂಸ ಬೆಣ್ಣೆಗಳ ಬೆಲೆ ಏರಿದಾಗ, ಆ ‘ಒಡೆಯರು’ ಕೇಳೋಣವೆಂದು ಮೆರವಣಿಗೆ ಹೊರಟರು. ಸೈನ್ಯ ಗುಂಡು ಹಾರಿಸಿತು. ೨೦ಕ್ಕೂ ಹೆಚ್ಚು ಜನ ಸತ್ತರು. ಸುದ್ದಿಯನ್ನು ಸುಮಾರು ಕಾಲು ಶತಮಾನ ಹೂತಿಟ್ಟರು. ತಮ್ಮ ಹೊಲದ ವಿಷಯ ಮಾತಾಡಲು ಪಡಸಾಲೆಗೆ ಬಂದ ಪಾಲುಗಾರನನ್ನು ಹೊಡೆದಟ್ಟಿದರೆ, ಕಾಗದದಲ್ಲಿ ಅವನ ಹೆಸರಿದ್ದು ಫಲವೇನು? ನನ್ನ ಕೆಲವು ಎಡಪಂಥೀಯ ಗೆಳೆಯರಿಗೆ ಈ ಮಾತು ರುಚಿಸದು. ರುಚಿಸದಿದ್ದರೂ ಹೇಳದೆ ಇರಲಾರೆ.

ಇಂಗ್ಲೆಂಡು ೧೯೪೫ರ ಬಳಿಕ ಪಡಿ, ಪಾಲು ಎರಡನ್ನೂ ಪ್ರಯೋಗಿಸಿ ನೋಡಿತು. ೧೯೪೭ರ ಜನವರಿ ಒಂದರಂದು ಕಲ್ಲಿದ್ದಲ ಗಣಿಗಳು ರಾಷ್ಟ್ರದ ಸ್ವತ್ತಾದವು. ಈ ಗಣಿಯನ್ನು ಜನತೆಯ ಪರವಾಗಿ ಮಂಡಲಿ ನಡೆಸುತ್ತದೆಂಬ ಬೋರ್ಡುಗಳನ್ನು ಗಣಿಗಣಿಗೂ ನೆಟ್ಟರು. ಬೋರ್ಡು ಹೊಸದು, ಒಳಗೆ ಹೋಗಿ ನೋಡಿದರೆ ಬಹುಮಟ್ಟಿಗೆ ಹಳೆಯ ಮ್ಯಾನೇಜರುಗಳೇ. ೧೯೪೮ರ ಜುಲೈ ಐದರಂದು ಎಲ್ಲರಿಗೂ ಉಚಿತ ವೈದ್ಯಸೇವೆ ಬಂತು. ಅದನ್ನು ಕಟ್ಟಿದ ಮಂತ್ರಿ ಅನ್ಯೂರಿನ್ ಬೆವನ್ ಸ್ವತಃ ಗಣಿಯಲ್ಲಿ ದುಡಿದವನು. ಅವನ ಊರಾದ ಟ್ರೆಡೀಗರಿನಲ್ಲಿ ಗಣಿಕಾರರು ತಮ್ಮ ಕೂಲಿಯಿಂದ ಕಾಸು ಕೂಡಿಸಿ ತಾವೇ ವೈದ್ಯರನ್ನಿಟ್ಟುಕೊಂಡು ನಡೆಸುತ್ತಿದ್ದ ಸಂಘವೊಂದಿತ್ತು. ಅದೇ ಅವನಿಗೆ ಮಾದರಿ. ೧೯೫೧ರಲ್ಲಿ ಅವನ ಸರಕಾರವೇ ಕಟ್ಟಿಸುವ ಹಲ್ಲಿಗೂ ಕನ್ನಡಕಕ್ಕೂ ಅರ್ಧ ದುಡ್ಡು ಕೇಳಲು ಹೊರಟಾಗ ಬೆವನ್ ಮಂತ್ರಿಪದವಿ ಬಿಟ್ಟ. ಹಲ್ಲಿನ ಸೆಟ್ಟಿಗಾಗಿ ರಾಜೀನಾಮೆಯೆ ಎಂದು ನಕ್ಕವರುಂಟು. ನನಗೆ ಅದು ನಗೆಯ ವಿಷಯವೆನಿಸುವುದಿಲ್ಲ. ದುಡ್ಡು ಎಷ್ಟೆಂಬುದು ಅವನ ಚಿಂತೆಯಾಗಿರಲಿಲ್ಲ. ಬಾಗಿಲಲ್ಲಿ ನಿಲ್ಲಿಸಿ ಲೆಕ್ಕ ಕೇಳಿದ ಕ್ಷಣವೇ ಒಳಗೆ ಬರುವವನು ಮನೆಯವನಾಗಿ ಉಳಿಯುವುದಿಲ್ಲವೆಂದು ಅವನು ಕಂಡಿದ್ದ.

ಮುಂದೆ ನಡೆದದ್ದನ್ನು ಗಮನಿಸಿ. ೧೯೯೪ರಲ್ಲಿ ಕಲ್ಲಿದ್ದಲ ಉದ್ಯಮವನ್ನು ಸರಕಾರ ಖಾಸಗಿಯವರಿಗೆ ಮಾರಿತು. ೧೯೮೪-೮೫ರ ದೀರ್ಘ ಮುಷ್ಕರದಲ್ಲಿ ಸೋತ ಗಣಿಕಾರರು ತಡೆಯಲಾರದೆ ಹೋದರು. ವೈದ್ಯಸೇವೆಯನ್ನು ಬಡಕಲಾಗಿಸಿದರು, ಅಲ್ಲಿ ಇಲ್ಲಿ ತುಂಡು ಗುತ್ತಿಗೆ ಕೊಟ್ಟರು, ಆದರೆ ಬಾಗಿಲಲ್ಲಿ ದುಡ್ಡು ಕೇಳುವ ಧೈರ್ಯ ಯಾವ ಪಕ್ಷಕ್ಕೂ ಬರಲಿಲ್ಲ. ಶಾಸ್ತ್ರಪ್ರಕಾರ ಗಣಿ ಪಾಲು, ಆಸ್ಪತ್ರೆ ಪಡಿ. ಅನುಭವದಲ್ಲಿ ಅದು ತಿರುಗುಮುರುಗಾಯಿತು. ಪಾಲೆಂದು ಬರೆದದ್ದನ್ನು ಜನ ತಮ್ಮದೆಂದು ಕಾಣಲಿಲ್ಲ. ಪಡಿಯಾಗಿ ಬಂದದ್ದನ್ನು ತಮ್ಮದು ಮಾಡಿಕೊಂಡುಬಿಟ್ಟರು. ನನ್ನ ಎರಡು ಶಬ್ದಗಳ ಜಾಣತನ ಇಲ್ಲಿಗೆ ಕುಂಟುತ್ತದೆ. ಅರ್ಥಶಾಸ್ತ್ರದ ಮಿತ್ರರು ಈ ಸ್ಥಳದಲ್ಲಿಯೇ ನನ್ನನ್ನು ಹಿಡಿದರು.

“ಹಾಗಾದರೆ ವ್ಯತ್ಯಾಸ ಬರಿಯ ಮನಸ್ಸಿನದು ಎನ್ನಿ” ಎಂದರು. ಹಾಗೂ ಅಲ್ಲ. ಸ್ವೀಡನ್ನಿನ ಕಥೆ ಅವರಿಗೆ ಗೊತ್ತಿಲ್ಲದ್ದೇನಲ್ಲ. ಅಲ್ಲಿಯ ಧನಿಕರು ಜಗತ್ತಿನಲ್ಲೇ ಭಾರಿಯಾದ ತೆರಿಗೆಗಳೊಡನೆ ಹೊಂದಿಕೊಂಡರು. ಹುಟ್ಟಿನಿಂದ ಮುಪ್ಪಿನವರೆಗೆ ಪಡಿ ನಿಲ್ಲಲಿಲ್ಲ. ೧೯೭೬ರಲ್ಲಿ ಕಾರ್ಮಿಕ ಸಂಘಗಳ ಒಕ್ಕೂಟವು ತನ್ನ ಅರ್ಥಶಾಸ್ತ್ರಜ್ಞ ರುಡಾಲ್ಫ್ ಮೈಡ್ನರನ ಸಲಹೆಯನ್ನು ಅಂಗೀಕರಿಸಿತು: ದೊಡ್ಡ ಕಂಪನಿಗಳು ಪ್ರತಿವರ್ಷ ಲಾಭದ ಒಂದಂಶವನ್ನು ಷೇರುಗಳ ರೂಪದಲ್ಲಿ ಕೆಲಸಗಾರರ ನಿಧಿಗಳಿಗೆ ಕೊಡಬೇಕು, ಕಾಲಕ್ರಮದಲ್ಲಿ ಒಡೆತನವೇ ಕೈ ಬದಲಾಯಿಸಬೇಕು. ಕಾಸಿನ ಲೆಕ್ಕದಲ್ಲಿ ಇದು ಮತ್ತೊಂದು ತೆರಿಗೆಯಷ್ಟೆ. ಆದರೆ ೧೯೮೩ರ ಅಕ್ಟೋಬರ್ ನಾಲ್ಕರಂದು ಸುಮಾರು ೭೫,೦೦೦ ಜನ, ಧಣಿಗಳೂ ವ್ಯಾಪಾರಿಗಳೂ ಅವರ ಕಡೆಯವರೂ, ಸ್ಟಾಕ್‌ಹೋಮಿನ ಬೀದಿಗಿಳಿದರು! ಧಣಿಗಳ ಮೆರವಣಿಗೆಯನ್ನು ಯಾರು ಕಂಡಿದ್ದರು? ಪಡಿ ಕೇಳಿದಾಗ ಗೊಣಗಿ ಕೊಟ್ಟವರು ಪಾಲಿನ ಮಾತೆತ್ತಿದಾಗ ಚಪ್ಪಲಿ ಮೆಟ್ಟಿ ಹೊರಟರು. ಅವರಿಗೆ ವ್ಯತ್ಯಾಸ ಬರಿಯ ಮನಸ್ಸಿನದಾಗಿರಲಿಲ್ಲ. ಆ ಡಿಸೆಂಬರಿನಲ್ಲಿ ಕಾಯದೆ ನೀರುನೀರಾಗಿ ಪಾಸಾಯಿತು. ಚರ್ಚೆ ನಡೆಯುತ್ತಿದ್ದಾಗ ಅರ್ಥಮಂತ್ರಿ ಫೆಲ್ಟ್, ಮಸೂದೆ ತಂದ ಸರಕಾರದವನೇ, ತನ್ನ ಆಸನದಲ್ಲಿ ಕುಳಿತು ಈ ನಿಧಿಗಳನ್ನು ಹಳಿಯುವ ಹುಡುಗಾಟದ ಪದ್ಯ ಗೀಚುತ್ತಿದ್ದುದನ್ನು ಪತ್ರಿಕೆಯ ಛಾಯಾಗ್ರಾಹಕನೊಬ್ಬ ಸೆರೆಹಿಡಿದ. ರಾಜಕೀಯದಲ್ಲಿ ಪದ್ಯ ಸತ್ಯ ನುಡಿಯುವುದು ಅಪರೂಪ, ಅಂದು ನುಡಿಯಿತು. ೧೯೯೧ರಲ್ಲಿ ಅಧಿಕಾರಕ್ಕೆ ಬಂದ ಬೇರೆ ಸರಕಾರ ಆ ನಿಧಿಗಳನ್ನು ಬರಖಾಸ್ತು ಮಾಡಿತು. ಪಡಿ ಅಷ್ಟಿಷ್ಟು ತಗ್ಗಿದರೂ ಉಳಿಯಿತು.

ನಮ್ಮಲ್ಲಿಯೂ ಇಂಥದೊಂದು ಘಳಿಗೆ ಬಂದಿತ್ತು. ೧೯೫೧ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರ ಜಗಳ ಏಳುವಾಗ ಅದು ಕೊಳಗದ ಜಗಳ. ಗೇಣಿ ಅಳೆಯುವ ಕೊಳಗ ದೊಡ್ಡದಾಯಿತು, ಸರಿಯಾದುದರಲ್ಲಿ ಅಳೆಯಿರಿ ಎಂದು. ಸಮಾಜವಾದಿಗಳು ಬಂದು ಕೂಡಿಕೊಂಡರು, ಲೋಹಿಯಾ ಬಂದು ಸೆರೆಯಾದರು. ಅಷ್ಟರಲ್ಲಿ ಪ್ರಶ್ನೆ ಕೊಳಗದಿಂದ ಹೊಲಕ್ಕೆ ಸರಿದಿತ್ತು. ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಎಷ್ಟೋ ಗೇಣಿದಾರರು ಒಡೆಯರಾದರು. ಎಲ್ಲರೂ ಆಗಲಿಲ್ಲ, ಕೂಲಿಯವರಿಗೆ ಬಹುಮಟ್ಟಿಗೆ ಏನೂ ದಕ್ಕಲಿಲ್ಲ. ಅದು ಬೇರೆ ಲೇಖನದ ವಿಷಯ. ಕೊಳಗ ಹಿಡಿದು ಹೊರಟವರು ಹೊಲದವರೆಗೆ ನಡೆದದ್ದನ್ನು ಮಾತ್ರ ಇಲ್ಲಿ ನೆನೆಯಬೇಕು. ಯಾರೂ ಅವರನ್ನು ಊಟದ ಬಿಡುವಿನಲ್ಲಿ ಕೂರಿಸಿ ರೊಟ್ಟಿ ಹೆಚ್ಚಿ ತೋರಿಸಬೇಕಾಗಲಿಲ್ಲ.

ಷಾ ಮಾಡಿದ ತಪ್ಪೊಂದನ್ನು ಹೇಳದೆ ಉಳಿಸಿದ್ದೇನೆ. ಮೂರನೆಯ ಅಂಕದಲ್ಲಿ ಪೀಟರ್ ಶರ್ಲಿ ರಂಗದ ಮೇಲೆ ಬರುವುದೇ ಇಲ್ಲ. ಪಾತ್ರೆ ತೊಳೆಯುವ ಮೂಲೆಯಲ್ಲಿ ಅಡಗಿದ್ದಾನೆಂದು ಬೇರೆಯವರು ಹೇಳಿದ್ದನ್ನು ಕೇಳುತ್ತೇವೆ ಹೊರತು, ಆ ಬೆಳ್ಳನೆಯ ಊರಿನ ವಿಷಯವಾಗಿ ಅವನಿಗೇನನಿಸಿತೆಂದು ಅವನ ಬಾಯಿಂದ ಕೇಳುವುದಿಲ್ಲ. ಎರಡನೆಯ ಅಂಕದಲ್ಲಿ ಅಷ್ಟು ಚುರುಕಾಗಿ ವಾದ ಮಾಡಿದವನನ್ನು ಒಂದು ಸಲ ಒಳಗೆ ಕರೆದಿದ್ದರೆ ಅಂಡರ್‌ಶಾಫ್ಟನ ವಾಗ್ಝರಿಗೆ ಒಂದು ತಡೆ ಬೀಳುತ್ತಿತ್ತು. ಷಾ ಕರೆಯಲಿಲ್ಲ.

ಕಳೆದ ತಿಂಗಳು ಸಂಜೆಯ ಬಸ್ಸಿನಲ್ಲಿ ನಮ್ಮೂರಿಗೆ ಹೋಗುತ್ತಿದ್ದೆ. ಒಳಗೆ ಕಾಲಿಡಲು ಜಾಗವಿಲ್ಲ. ಹೆಚ್ಚಿನವರು ಸಂತೆ ಮುಗಿಸಿದ ಹೆಂಗಸರು, ಕೈಯಲ್ಲಿ ಶೂನ್ಯದ ಟಿಕೇಟು. ಬುಟ್ಟಿ ಹಿಡಿದ ಒಬ್ಬಾಕೆ ತಮ್ಮ ಹಳ್ಳಿಯ ಕ್ರಾಸಿಗೆ ನಿಲ್ಲಿಸಬೇಕೆಂದು ಕಂಡಕ್ಟರನಿಗೆ ಹೇಳಿದಳು. ಅಲ್ಲಿ ಸ್ಟಾಪಿಲ್ಲ ಎಂದ. ಇರಬೇಕು, ಇಷ್ಟು ಜನ ಇಳಿಯುತ್ತೇವೆ, ಎಂದಳು.

“ಯವ್ವಾ, ಚೀಟಿ ಪುಕ್ಕಟ, ಮ್ಯಾಲ ಇಷ್ಟು ಜೋರ ಬ್ಯಾರೆ!” ಎಂದು ಅವನು ನಕ್ಕ. ಒಂದಿಬ್ಬರು ಗಂಡಸರೂ ನಕ್ಕರು.

“ಯಾಕ ತಮ್ಮಾ, ಬಸ್ಸೇನು ನಿಮ್ಮಪ್ಪಂದೇನು? ನಮ್ದೂ ಅಲ್ಲೇನು?” ಎಂದಳು ಆಕೆ, ಬುಟ್ಟಿಯನ್ನು ಸೊಂಟಕ್ಕೇರಿಸಿ ಬಾಗಿಲತ್ತ ಸರಿಯುತ್ತ. ಹಿಂದಿನ ಸೀಟುಗಳಿಂದ ಇನ್ನೂ ನಾಲ್ಕೈದು ಜನ ಎದ್ದು ನಿಂತರು. ಬಸ್ಸು ಆ ಕ್ರಾಸಿನಲ್ಲಿ ನಿಂತಿತೋ ಇಲ್ಲವೋ ನಾನು ನೋಡಲಿಲ್ಲ. ನನ್ನ ಊರು ಅದಕ್ಕಿಂತ ಮೊದಲೇ ಬಂತು, ಇಳಿದೆ.